ಬಾಕಿ ಬಿಲ್ಲಿಗೆ ಬಡ್ಡಿ ಯಾವತ್ತಿನಿಂದ?

ಪುರಸಭೆಯೊಂದರ ರಸ್ತೆ ಕೆಲಸ ಮುಗಿಸಿದ ಗುತ್ತಿಗೆದಾರನಿಗೆ ಒಂದು ಕೋಟಿ ರೂಪಾಯಿ ಬರಬೇಕಿತ್ತು, ಅದು ಎರಡು ವರ್ಷ ತಡವಾಗಿ ಬಂತು ಎಂದಿಟ್ಟುಕೊಳ್ಳೋಣ. ಆ ಎರಡು ವರ್ಷಕ್ಕೆ ಅವನಿಗೆ ಸಲ್ಲಬೇಕಾದ ಬಡ್ಡಿ ಎಷ್ಟು? ಕರಾರಿನಲ್ಲಿ ‘ಯಾವ ಬಾಕಿಗೂ ಬಡ್ಡಿ ಕೊಡತಕ್ಕದ್ದಲ್ಲ’ ಎಂಬ ಸಾಲಿದ್ದರೆ ಸೊನ್ನೆ. ಅಂಥ ಸಾಲಿಲ್ಲದೆ, ವ್ಯಾಜ್ಯ ಹೂಡಿ ಗೆದ್ದು, ಈಚೆಗೆ ಹೆಚ್ಚಾಗಿ ಕಾಣುವ ಶೇ. 9ರ ಸರಳ ಬಡ್ಡಿ ಸಿಕ್ಕರೆ 18 ಲಕ್ಷ. ಅವನು ರಸ್ತೆಯ ಬದಲು ಬೀದಿದೀಪ ಪೂರೈಸಿದ ನೋಂದಾಯಿತ ಸಣ್ಣ ಉದ್ಯಮಿಯಾಗಿದ್ದು, ಆ ಎರಡು ವರ್ಷ 2023ರ ಫೆಬ್ರವರಿಯಿಂದ 2025ರ ಫೆಬ್ರವರಿವರೆಗಿನದಾಗಿದ್ದರೆ ಸುಮಾರು 49 ಲಕ್ಷ. ಮೂರೂ ಈ ದೇಶದ ಕಾನೂನಿನ ಪ್ರಕಾರವೇ ಬರುವ ಉತ್ತರಗಳು.

ಸೊನ್ನೆಗೂ 49 ಲಕ್ಷಕ್ಕೂ ನಡುವಿನ ಈ ಅಂತರ ನೋಡಿದವರು ಸಾಮಾನ್ಯವಾಗಿ ಬಡ್ಡಿ ದರದ ಚರ್ಚೆಗೆ ಇಳಿಯುತ್ತಾರೆ: ಶೇ. 18 ಹೆಚ್ಚಾಯಿತೇ, ಶೇ. 6 ಕಡಿಮೆಯಾಯಿತೇ. ನ್ಯಾಯಾಲಯಗಳೂ ಅಷ್ಟೇ, ದರದ ಮೇಲೆ ಪುಟಗಟ್ಟಲೆ ಬರೆದಿವೆ. ಆದರೆ ಸ್ಥಳೀಯ ಸಂಸ್ಥೆಗಳ ವ್ಯಾಜ್ಯಗಳನ್ನು ಹತ್ತಿರದಿಂದ ನೋಡಿದರೆ ದರಕ್ಕಿಂತ ತಾರೀಖೇ ದೊಡ್ಡ ಪ್ರಶ್ನೆ. ಬಡ್ಡಿ ಯಾವ ದಿನದಿಂದ ಓಡಲು ಶುರುವಾಗುತ್ತದೆ? ಆ ದಿನವನ್ನು ಗೊತ್ತುಮಾಡುವ ಪೆನ್ನು ಯಾರ ಕೈಯಲ್ಲಿದೆ? ಸದ್ಯಕ್ಕಂತೂ ಹಣ ಕೊಡಬೇಕಾದವರ ಕೈಯಲ್ಲೇ ಇದೆ.

ಒಂದು ಬಿಲ್ಲು ನಡೆಯುವ ದಾರಿ ಗೊತ್ತಿದ್ದವರಿಗೆ ಇದು ಹೊಸ ಮಾತಲ್ಲ. ಕೆಲಸ ಮುಗಿದ ಮೇಲೆ ಎಂಜಿನಿಯರು ಬಂದು ಅಳತೆ ತೆಗೆಯಬೇಕು, ಎಂ.ಬಿ. (ಅಳತೆ ಪುಸ್ತಕ) ಬರೆಯಬೇಕು. ಮೇಲಿನವರು ಅದನ್ನು ಪರಿಶೀಲಿಸಿ ಸಹಿ ಹಾಕಬೇಕು. ಗುಣಮಟ್ಟದ ವರದಿ ಬರಬೇಕು. ಆಮೇಲೆ ಕಡತ ಲೆಕ್ಕ ಶಾಖೆಗೆ ಹೋಗಿ, ಆಕ್ಷೇಪಣೆ ಹೊತ್ತು ವಾಪಸ್ ಬಂದು, ಮತ್ತೆ ಹೋಗಬೇಕು. ಬೆಂಗಳೂರಿನಲ್ಲಾದರೆ ಜಾಬ್ ಕೋಡ್, ಬಿ.ಆರ್. (ಬಿಲ್ ರಿಜಿಸ್ಟರ್) ನಂಬರ್, ಜ್ಯೇಷ್ಠತಾ ಪಟ್ಟಿ. ಇಷ್ಟೆಲ್ಲ ಆದಮೇಲೂ ಕಾಯಬೇಕಾದದ್ದು ಅನುದಾನಕ್ಕೆ. ಅನೇಕ ಟೆಂಡರ್ ಪತ್ರಗಳಲ್ಲಿ ‘ಅನುದಾನದ ಲಭ್ಯತೆಗೆ ಒಳಪಟ್ಟು ಪಾವತಿ’ ಎಂಬ ಸಾಲು ತಣ್ಣಗೆ ಕೂತಿರುತ್ತದೆ. ಇಷ್ಟು ಹೆಜ್ಜೆಗಳಲ್ಲಿ ಹಣ ‘ಬಾಕಿ’ಯಾದದ್ದು ಯಾವ ಹೆಜ್ಜೆಯಲ್ಲಿ? ಅಳತೆ ತೆಗೆಯುವುದನ್ನೇ ಎಂಟು ತಿಂಗಳು ತಳ್ಳಿದರೆ, ಕಾಗದದ ಮೇಲೆ ಆ ಎಂಟು ತಿಂಗಳು ವಿಳಂಬವೇ ಅಲ್ಲ. ಇನ್ನೂ ಬಿಲ್ಲೇ ಹುಟ್ಟಿಲ್ಲವಲ್ಲ!

ಕರ್ನಾಟಕದಲ್ಲಿ ಈ ವಿಷಯ ಸುದ್ದಿಯಾದದ್ದು ಬಡ್ಡಿಯ ಹೆಸರಿನಲ್ಲಿ ಅಲ್ಲ, ಕಮಿಷನ್ ಹೆಸರಿನಲ್ಲಿ. 2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಆಗಿನ ಅಧ್ಯಕ್ಷ ಡಿ. ಕೆಂಪಣ್ಣ ಪ್ರಧಾನಿಗೆ ಪತ್ರ ಬರೆದು ಶೇ. 40ರ ಕಮಿಷನ್ ಆರೋಪ ಮಾಡಿದರು. ಸಂಘದ ದೂರಿನಲ್ಲಿ ಬಾಕಿ ಬಿಲ್ಲೂ ಒಂದು ಮುಖ್ಯ ಭಾಗವಾಗಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಬೆಂಗಳೂರು ಮಹಾನಗರಪಾಲಿಕೆಯ (ಬಿಬಿಎಂಪಿ) ಹಿಂದಿನ ಅವಧಿಯ ಕಾಮಗಾರಿಗಳ ತನಿಖೆಗೆ ಆದೇಶವಾಯಿತು, ಬಿಲ್ಲುಗಳು ನಿಂತವು. ಗುತ್ತಿಗೆದಾರರು ಬೀದಿಗಿಳಿದರು, ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಅವರ ಆಯೋಗ ವಿಚಾರಣೆ ನಡೆಸಿತು. 2025ರಲ್ಲಿ ಸಂಘ ಮುಂದಿಟ್ಟ ಲೆಕ್ಕದಂತೆ ಎಲ್ಲ ಇಲಾಖೆಗಳೂ ಸೇರಿ ರಾಜ್ಯದಲ್ಲಿ ಬಾಕಿ ಇದ್ದದ್ದು ಸುಮಾರು 32,000 ಕೋಟಿ. ಸಂಘದ್ದು ಸಂಘದ ಲೆಕ್ಕ. ಅದರಲ್ಲಿ ಅರ್ಧವೇ ನಿಜವೆಂದುಕೊಂಡರೂ ಶೇ. 9ರಂತೆ ಒಂದು ವರ್ಷದ ಬಡ್ಡಿಯೇ 1,440 ಕೋಟಿ ಆಗುತ್ತದೆ. ಅಷ್ಟು ಬಡ್ಡಿಯನ್ನು ಯಾವ ಸಂಸ್ಥೆಯೂ ತನ್ನ ಬಜೆಟ್‌ನಲ್ಲಿ ಬರೆದಿಟ್ಟುಕೊಂಡಿಲ್ಲ.

ಇನ್ನು ಕಾನೂನಿನ ಕಡೆಗೆ ಬರೋಣ. ಬಾಕಿ ಹಣಕ್ಕೆ ಬಡ್ಡಿ ಕೇಳುವುದು ಇವತ್ತು ಸಹಜವಾಗಿ ಕಂಡರೂ ಸ್ವತಂತ್ರ ಭಾರತದ ಮೊದಲ ನಾಲ್ಕು ದಶಕ ಅದು ಸುಲಭವಿರಲಿಲ್ಲ. 1955ರಲ್ಲಿ ಸೇಠ್ ಥಾವರದಾಸ್ ಫೇರುಮಲ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಕೇಂದ್ರ ಸರ್ಕಾರಕ್ಕೆ ಇಟ್ಟಿಗೆ ಪೂರೈಸುವ ಗುತ್ತಿಗೆ ಅದು. ವ್ಯಾಜ್ಯ ತೀರಿಸಲು ನೇಮಕವಾದ ಮಧ್ಯಸ್ಥಗಾರ ಕೊಟ್ಟಿದ್ದ ಬಡ್ಡಿಯನ್ನು ಕೋರ್ಟು ತೆಗೆದುಹಾಕಿತು. 1839ರ ಬಡ್ಡಿ ಕಾಯ್ದೆ ಅಧಿಕಾರ ಕೊಟ್ಟಿರುವುದು ‘ನ್ಯಾಯಾಲಯ’ಕ್ಕೆ, ಮಧ್ಯಸ್ಥಗಾರ ನ್ಯಾಯಾಲಯವಲ್ಲ ಎಂಬುದು ಅದರ ವಾದ. 1987ರಲ್ಲಿ ಬಾಲಿಮೆಲಾ ನೀರಾವರಿ ಯೋಜನೆಯ ಅಭಾದೂತ ಜೆನಾ ಪ್ರಕರಣದಲ್ಲಿ, ವಿಚಾರಣೆ ನಡೆಯುತ್ತಿರುವ ಅವಧಿಗೂ ಮಧ್ಯಸ್ಥಗಾರ ಬಡ್ಡಿ ಕೊಡುವಂತಿಲ್ಲ ಎಂದಾಯಿತು. ವಿಚಾರಣೆ ಎಷ್ಟು ಎಳೆದರೆ ಇಲಾಖೆಗೆ ಅಷ್ಟು ಉಳಿತಾಯ. ಸರ್ಕಾರಿ ವಕೀಲರು ವಾಯಿದೆ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ನಾಲ್ಕೇ ವರ್ಷಕ್ಕೆ ಗಾಳಿ ತಿರುಗಿತು. 1991ರಲ್ಲಿ ಜಿ.ಸಿ. ರಾಯ್ ಪ್ರಕರಣದಲ್ಲಿ ಸಂವಿಧಾನ ಪೀಠ ನೇರವಾಗಿ ಮೂಲ ಪ್ರಶ್ನೆಗೆ ಕೈಹಾಕಿತು. ನ್ಯಾಯವಾಗಿ ತನಗೆ ಸೇರಬೇಕಾದ ಹಣ ಬಳಸಲಾಗದೆ ಹೋದವನಿಗೆ ಪರಿಹಾರ ಸಲ್ಲಬೇಕು, ಅದನ್ನು ಬಡ್ಡಿಯೆನ್ನಿ, ನಷ್ಟಭರ್ತಿಯೆನ್ನಿ, ಹೆಸರಿನಲ್ಲಿ ಏನೂ ಇಲ್ಲ ಎಂಬುದು ಆ ತೀರ್ಪಿನ ಸಾರ. ಕರಾರು ತಡೆಯದಿದ್ದರೆ ವಿಚಾರಣೆಯ ಅವಧಿಗೆ ಬಡ್ಡಿ ಕೊಡಬಹುದು ಎಂದಿತು. ವಿಚಾರಣೆಗೆ ಮುಂಚಿನ ಅವಧಿಗೂ ಕೊಡಬಹುದು ಎಂದು 2001ರಲ್ಲಿ ಧೆಂಕಾನಲ್ ಸಣ್ಣ ನೀರಾವರಿ ವಿಭಾಗದ ಬುಧರಾಜ್ ಪ್ರಕರಣದಲ್ಲಿ ಬಹುಮತದ ತೀರ್ಪು ಬಂತು. ಬಾಲಿಮೆಲಾ, ಜಿ.ಸಿ. ರಾಯ್, ಧೆಂಕಾನಲ್, ಮುಂದೆ ಬರಲಿರುವ ಹೈದರ್ ಕನ್ಸಲ್ಟಿಂಗ್ – ಎಲ್ಲವೂ ಒಡಿಶಾ ಸರ್ಕಾರದ ವ್ಯಾಜ್ಯಗಳು. ಗುತ್ತಿಗೆ ಬಡ್ಡಿಯ ಕಾನೂನು ಈ ದೇಶದಲ್ಲಿ ಬೆಳೆದದ್ದೇ ಒಡಿಶಾದ ಕಾಲುವೆಗಳ ದಂಡೆಯಲ್ಲಿ ಎಂದರೆ ಅತಿಶಯವಾಗದು.

1996ರ ಮಧ್ಯಸ್ಥಿಕೆ ಕಾಯ್ದೆ ಇದನ್ನೆಲ್ಲ 31(7) ಎಂಬ ಒಂದು ಉಪವಿಧಿಗೆ ಇಳಿಸಿತು. ಬಾಕಿ ಹುಟ್ಟಿದ ದಿನದಿಂದ ಅವಾರ್ಡ್ (ಮಧ್ಯಸ್ಥಗಾರನ ತೀರ್ಪು) ದಿನದವರೆಗೆ ಮಧ್ಯಸ್ಥಗಾರ ತಕ್ಕ ದರದಲ್ಲಿ ಬಡ್ಡಿ ಕೊಡಬಹುದು. ಅವಾರ್ಡ್ ಆದಮೇಲೆ, ಅವಾರ್ಡಿನಲ್ಲಿ ಬೇರೆ ಹೇಳದಿದ್ದರೆ, ಶೇ. 18. ಆದರೆ ಮೊದಲ ಭಾಗಕ್ಕೆ ಒಂದು ಷರತ್ತು ಅಂಟಿಕೊಂಡಿದೆ: ಉಭಯ ಪಕ್ಷಗಳು ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ ಮಾತ್ರ. ಉಭಯ ಪಕ್ಷಗಳ ಒಪ್ಪಿಗೆ ಎನ್ನುವ ಮಾತು ಟೆಂಡರ್ ಕರಾರಿಗೆ ಅನ್ವಯಿಸಿದಾಗ ನಗು ಬರಬೇಕು. ಇಲಾಖೆ ಅಚ್ಚುಹಾಕಿಸಿದ ನೂರಾರು ಪುಟದ ಪತ್ರದಲ್ಲಿ ಗುತ್ತಿಗೆದಾರ ಒಂದು ಅಲ್ಪವಿರಾಮವನ್ನೂ ಬದಲಿಸಲಾರ. ಸಹಿ ಮಾಡಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು.

ಹೀಗಿದ್ದೂ ಸುಪ್ರೀಂ ಕೋರ್ಟು ಆ ಸಹಿಯನ್ನು ಗಂಭೀರವಾಗಿಯೇ ತೆಗೆದುಕೊಂಡಿದೆ. 2009ರ ಸಯೀದ್ ಅಹ್ಮದ್ ಪ್ರಕರಣದಿಂದ ಶುರುವಾಗಿ, 2019ರ ಟೆಹ್ರಿ ಜಲವಿದ್ಯುತ್ ಪ್ರಕರಣ, 2021ರ ಗರ್ಗ್ ಬಿಲ್ಡರ್ಸ್ ಪ್ರಕರಣದವರೆಗೆ ಉತ್ತರ ಒಂದೇ: ಹೊಸ ಕಾಯ್ದೆಯಡಿ ಕರಾರು ಬಡ್ಡಿಯನ್ನು ಸ್ಪಷ್ಟವಾಗಿ ನಿಷೇಧಿಸಿದ್ದರೆ ಮಧ್ಯಸ್ಥಗಾರ ಅದನ್ನು ದಾಟುವಂತಿಲ್ಲ. ಹಳೆಯ 1940ರ ಕಾಯ್ದೆಯ ಪ್ರಕರಣಗಳಲ್ಲಿ ಮಾತ್ರ, ಆ ನಿಷೇಧ ಇಲಾಖೆಯ ಅಧಿಕಾರಿಗೆ ಅನ್ವಯ, ಮಧ್ಯಸ್ಥಗಾರನಿಗಲ್ಲ ಎಂದು ಸ್ವಲ್ಪ ಉಸಿರಾಡಲು ಬಿಟ್ಟಿತ್ತು. ರೈಲ್ವೆಯ ಸಾಮಾನ್ಯ ಷರತ್ತುಗಳಲ್ಲಿ ಬಹುಕಾಲದಿಂದ ಇರುವ ನಿಷೇಧ ಇದಕ್ಕೆ ಮಾದರಿ. ಠೇವಣಿಗೂ ಬಡ್ಡಿ ಇಲ್ಲ, ಗುತ್ತಿಗೆದಾರನಿಗೆ ಕೊಡಬೇಕಾದ ಹಣಕ್ಕೂ ಇಲ್ಲ. ಪಾಲಿಕೆ, ಪುರಸಭೆಗಳ ಟೆಂಡರ್ ಬರೆಯುವವರು ಇಂಥ ಮಾದರಿಗಳನ್ನು ನೋಡಿ ಕಲಿಯುವುದು ಬೇಗ.

ದರದ ಕಥೆಗೆ ಕರ್ನಾಟಕದ ಕೊಡುಗೆ ದೊಡ್ಡದು. 2007ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಮತ್ತು ಗುತ್ತಿಗೆದಾರ ಹರಿಶ್ಚಂದ್ರ ರೆಡ್ಡಿ ನಡುವಿನ ಪ್ರಕರಣದಲ್ಲಿ ಮಧ್ಯಸ್ಥಗಾರ ಮೂರೂ ಅವಧಿಗೆ – ವಿಚಾರಣೆಗೆ ಮುಂಚೆ, ವಿಚಾರಣೆಯ ವೇಳೆ, ಅವಾರ್ಡ್ ನಂತರ – ಶೇ. 18 ಕೊಟ್ಟಿದ್ದರು. ಆರ್ಥಿಕ ಸುಧಾರಣೆಗಳ ನಂತರ ಬಡ್ಡಿ ದರಗಳು ಇಳಿದಿವೆ ಎಂದ ಸುಪ್ರೀಂ ಕೋರ್ಟು ಅದನ್ನು ಶೇ. 9ಕ್ಕೆ ತಂದಿತು. ನಿಗಮ ಸ್ಥಳೀಯ ಸಂಸ್ಥೆಯೇನಲ್ಲ, ರಾಜ್ಯ ಸರ್ಕಾರದ ಕಂಪನಿ. ಆದರೆ ಅಂದಿನಿಂದ ಆ ಒಂದು ವಾಕ್ಯವನ್ನು ದೇಶದುದ್ದಕ್ಕೂ ಸರ್ಕಾರಿ ವಕೀಲರು ಉಲ್ಲೇಖಿಸುತ್ತ ಬಂದಿದ್ದಾರೆ. ತರ್ಕ ಅರ್ಧ ಸರಿ. ಬ್ಯಾಂಕಿನ ಠೇವಣಿ ದರ ಇಳಿದದ್ದು ಹೌದು, ಆದರೆ ಪುರಸಭೆಯ ಸಣ್ಣ ಗುತ್ತಿಗೆದಾರ ಜಲ್ಲಿ, ಸಿಮೆಂಟು, ಡೀಸೆಲ್ ತರುವುದು ಠೇವಣಿ ದರದ ಹಣದಲ್ಲಿ ಅಲ್ಲ. ಬ್ಯಾಂಕಿನ ಓ.ಡಿ. ಮುಗಿದ ಮೇಲೆ ಅವನು ಹೋಗುವುದು ಕೈಸಾಲದವರ ಬಳಿಗೆ, ಅಲ್ಲಿ ಬಡ್ಡಿಯ ಮಾತು ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ. ಸರ್ಕಾರದಿಂದ ಶೇ. 9 ಪಡೆದು ಹೊರಗೆ ಶೇ. 24 ಕಟ್ಟುವವನಿಗೆ ಗೆದ್ದರೂ ಸೋಲೇ.

2015ರ ತಿದ್ದುಪಡಿ ಅವಾರ್ಡ್ ನಂತರದ ಶೇ. 18ನ್ನು ತೆಗೆದು, ಚಾಲ್ತಿ ದರಕ್ಕಿಂತ ಎರಡು ಅಂಶ ಹೆಚ್ಚು ಎಂದು ಮಾಡಿತು. ಅದಕ್ಕೆ ಸ್ವಲ್ಪ ಮೊದಲು, 2014ರ ನವೆಂಬರಿನಲ್ಲಿ, ಹೈದರ್ ಕನ್ಸಲ್ಟಿಂಗ್ ಪ್ರಕರಣದಲ್ಲಿ ಮೂವರ ಪೀಠ ಎರಡಕ್ಕೆ ಒಂದರ ಬಹುಮತದಿಂದ ಇನ್ನೊಂದು ಮಹತ್ವದ ಮಾತು ಹೇಳಿತ್ತು: ಅವಾರ್ಡ್ ನಂತರದ ಬಡ್ಡಿ ಬರೀ ಅಸಲಿನ ಮೇಲಲ್ಲ, ಅಸಲಿಗೆ ಅದುವರೆಗಿನ ಬಡ್ಡಿ ಸೇರಿಸಿದ ಒಟ್ಟು ಮೊತ್ತದ ಮೇಲೆ ಎಂದು. ಒಂದು ಕೋಟಿಗೆ ಐದು ವರ್ಷ ಶೇ. 9ರಂತೆ 45 ಲಕ್ಷ ಕೂಡಿದರೆ, ಮುಂದಿನ ಬಡ್ಡಿ 1.45 ಕೋಟಿಯ ಮೇಲೆ ಓಡುತ್ತದೆ. ಮೇಲ್ಮನವಿಯಲ್ಲಿ ಹತ್ತು ವರ್ಷ ಕಳೆದರೆ ಬಡ್ಡಿ ಅಸಲನ್ನು ಮೀರುವುದು ಸಾಮಾನ್ಯ. ಬಡ್ಡಿ ಅಸಲನ್ನು ಮೀರಬಾರದೆಂಬ ಹಳೆಯ ದಾಮ್‌ದುಪ್ಪಟ್ ನಿಯಮ ಬಡ ಸಾಲಗಾರನನ್ನು ಸಾಹುಕಾರನಿಂದ ಉಳಿಸಲು ಇದ್ದದ್ದು. ಇಲ್ಲಿ ಸಾಲಗಾರನ ಜಾಗದಲ್ಲಿ ಇರುವುದು ಸರ್ಕಾರ, ಆ ನಿಯಮದ ನೆರಳು ಅದಕ್ಕೆ ಸಿಗುವುದಿಲ್ಲ. 2019ರ ಪ್ಯಾಮ್ ಡೆವಲಪರ್ಸ್ ಪ್ರಕರಣದಲ್ಲಿ, ಅವಾರ್ಡಿಗೆ ತಡೆ ಕೇಳುವ ಸರ್ಕಾರವನ್ನೂ ಖಾಸಗಿಯವರಂತೆಯೇ ನೋಡಬೇಕು, ಹಣ ಕಟ್ಟುವುದರಿಂದ ಅದಕ್ಕೆ ವಿಶೇಷ ವಿನಾಯಿತಿ ಇಲ್ಲ ಎಂದೂ ಸ್ಪಷ್ಟವಾಯಿತು. 2025ರ ಏಪ್ರಿಲ್ 30ರಂದು ಗಾಯತ್ರಿ ಬಾಲಸಾಮಿ ಪ್ರಕರಣದಲ್ಲಿ ಐವರ ಪೀಠ, ಅವಾರ್ಡ್ ನಂತರದ ಬಡ್ಡಿಯನ್ನು ತಕ್ಕ ಸಂದರ್ಭದಲ್ಲಿ ನ್ಯಾಯಾಲಯ ತಿದ್ದಬಹುದು ಎಂದು ನಾಲ್ಕಕ್ಕೆ ಒಂದರ ಬಹುಮತದಲ್ಲಿ ಹೇಳಿತು.

ಒಟ್ಟಿನಲ್ಲಿ ನಮ್ಮ ಕಾನೂನು ಕಥೆಯ ಕೊನೆಯಲ್ಲಿ ಉದಾರಿ, ಮೊದಲಲ್ಲಿ ಜಿಪುಣ. ಅವಾರ್ಡ್ ಕೈಗೆ ಬಂದವನಿಗೆ ಬಡ್ಡಿಯ ಮೇಲೆ ಬಡ್ಡಿ. ಬಿಲ್ಲು ಹಿಡಿದು ಕಚೇರಿ ಅಲೆಯುವವನಿಗೆ ಏನೂ ಇಲ್ಲ. ಸ್ಥಳೀಯ ಸಂಸ್ಥೆಯ ಗುತ್ತಿಗೆದಾರರಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿನವರು. ಹತ್ತು ಲಕ್ಷದ ಚರಂಡಿ ಕೆಲಸಕ್ಕೆ ಮಧ್ಯಸ್ಥಿಕೆಯ ಖರ್ಚು ಹೊರುವುದು ಯಾರು? ಸಣ್ಣ ಕಾಮಗಾರಿಗಳ ಕರಾರಿನಲ್ಲಿ ಹಲವೆಡೆ ಮಧ್ಯಸ್ಥಿಕೆಯ ಕಲಮೇ ಇರುವುದಿಲ್ಲ. ಉಳಿಯುವುದು ಸಿವಿಲ್ ದಾವೆ ಅಥವಾ ಹೈಕೋರ್ಟಿನ ರಿಟ್. ರಿಟ್‌ನಲ್ಲಿ ಬಹುಪಾಲು ಸಿಗುವುದು ‘ಮನವಿಯನ್ನು ಇಷ್ಟು ವಾರಗಳೊಳಗೆ ಪರಿಗಣಿಸಿ’ ಎಂಬ ಆದೇಶ. ದಾವೆಯಲ್ಲಿ ಡಿಕ್ರಿ ಆದಮೇಲಿನ ಬಡ್ಡಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 34ನೇ ಕಲಮಿನ ಶೇ. 6ರ ಮಿತಿ. ವಾಣಿಜ್ಯ ವ್ಯವಹಾರವೆಂದು ಒಪ್ಪಿಸಿದರೆ ಮಾತ್ರ ಅದನ್ನು ಮೀರಬಹುದು.

ಮತ್ತೆ ತಾರೀಖಿಗೆ ಬರೋಣ. 1978ರ ಬಡ್ಡಿ ಕಾಯ್ದೆಯ 3ನೇ ಕಲಮು ಎರಡು ದಾರಿ ತೋರಿಸುತ್ತದೆ. ಬರಹದ ಕರಾರಿನಲ್ಲಿ ‘ಇಂಥ ದಿನ ಕೊಡಬೇಕು’ ಎಂದಿದ್ದರೆ ಆ ದಿನದಿಂದ ಬಡ್ಡಿ. ಹಾಗೆ ದಿನ ಗೊತ್ತಿಲ್ಲದಿದ್ದರೆ, ಬಡ್ಡಿ ಕೇಳುತ್ತೇನೆಂದು ಲಿಖಿತ ನೋಟಿಸ್ ಕೊಟ್ಟ ದಿನದಿಂದ. ಅಂದರೆ ಕರಾರಿನಲ್ಲಿ ದಿನವಿಲ್ಲದ ಗುತ್ತಿಗೆದಾರ ಮೂರು ವರ್ಷ ಸುಮ್ಮನೆ ಅಲೆದು ನಾಲ್ಕನೇ ವರ್ಷ ನೋಟಿಸ್ ಕೊಟ್ಟರೆ ಆ ಮೂರು ವರ್ಷ ಹೋದಂತೆಯೇ. ಬಿಲ್ಲು ಬಾಕಿ ಇರುವಾಗ ಎಂಜಿನಿಯರಿಗೆ ನೋಟಿಸ್ ಕೊಡುವ ಧೈರ್ಯ ಯಾರಿಗಿದೆ ಎಂಬುದು ಬೇರೆ ಮಾತು. ಮುಂದಿನ ಟೆಂಡರೂ ಅದೇ ಕಚೇರಿಯಿಂದ ಬರಬೇಕು.

ಬಡ್ಡಿಯ ಮಾತಿಗಿಂತ ಮೊದಲು ಅಸಲೇ ಇದೆಯೇ ಎಂಬ ತಕರಾರೂ ಸ್ಥಳೀಯ ಸಂಸ್ಥೆಗಳಲ್ಲಿ ಹೆಚ್ಚು. ಜಾತ್ರೆ ಹತ್ತಿರ ಬಂತು, ಮಂತ್ರಿಗಳು ಬರುತ್ತಾರೆ, ಮೊದಲು ಕೆಲಸ ಮುಗಿಸಿ ಆಮೇಲೆ ವರ್ಕ್ ಆರ್ಡರ್ ಎಂಬ ಬಾಯಿಮಾತಿನ ಮೇಲೆ ರಸ್ತೆಗಳು ಆಗಿಬಿಡುತ್ತವೆ. 2022ರ ಏಪ್ರಿಲ್‌ನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯಲ್ಲಿ ಸಾವಿಗೀಡಾದಾಗ ರಾಜ್ಯ ಬೆಚ್ಚಿದ್ದು ಇಂಥದೇ ಹಿನ್ನೆಲೆಯಲ್ಲಿ. ಹಿಂಡಲಗಾ ಗ್ರಾಮದ ಕಾಮಗಾರಿಗಳ ಹಣ ಬರಲಿಲ್ಲವೆಂಬುದು ಅವರ ದೂರಾಗಿತ್ತು, ವರ್ಕ್ ಆರ್ಡರೇ ಇರಲಿಲ್ಲವೆಂಬುದು ಸರ್ಕಾರದ ಕಡೆಯ ಉತ್ತರವಾಗಿತ್ತು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಕೆ.ಎಸ್. ಈಶ್ವರಪ್ಪ ರಾಜೀನಾಮೆ ಕೊಟ್ಟರು, ಮುಂದೆ ಪೊಲೀಸರು ಬಿ ರಿಪೋರ್ಟ್ ಸಲ್ಲಿಸಿದರು.

ಕಾಗದವಿಲ್ಲದ ಕೆಲಸಕ್ಕೆ ಕಾನೂನಿನಲ್ಲಿ ದಾರಿಯೇ ಇಲ್ಲವೆಂದಲ್ಲ. ಕರಾರು ಕಾಯ್ದೆಯ 70ನೇ ಕಲಮಿನ ಪ್ರಕಾರ, ಪುಕ್ಕಟೆಯಲ್ಲವೆಂಬ ಭಾವನೆಯಿಂದ ಮಾಡಿದ ಕೆಲಸದ ಲಾಭವನ್ನು ಇನ್ನೊಬ್ಬರು ಅನುಭವಿಸಿದರೆ ಅವರು ಪರಿಹಾರ ಕೊಡಬೇಕು. 1961ರ ಬಿ.ಕೆ. ಮೊಂಡಲ್ ಪ್ರಕರಣದಲ್ಲಿ ಪಶ್ಚಿಮ ಬಂಗಾಳ ಸರ್ಕಾರದ ವಿರುದ್ಧ, 1970ರಲ್ಲಿ ಪುಣೆ ಮಹಾನಗರಪಾಲಿಕೆಯ ವಿರುದ್ಧ ಸುಪ್ರೀಂ ಕೋರ್ಟು ಈ ಕಲಮನ್ನು ಬಳಸಿತು. ಆದರೆ ಇದು ಪರಿಹಾರದ ಹಕ್ಕು, ಕರಾರಿನ ಸಾಲವಲ್ಲ. ಗೊತ್ತಾದ ದಿನವಿಲ್ಲ, ಗೊತ್ತಾದ ಮೊತ್ತವಿಲ್ಲ. ಬಡ್ಡಿಯ ಗಡಿಯಾರ ಓಡಿಸುವುದು ಇಲ್ಲಿ ಎಲ್ಲಕ್ಕಿಂತ ಕಷ್ಟ.

ಇಡೀ ವ್ಯವಸ್ಥೆಯಲ್ಲಿ ದಿನವನ್ನೂ ದರವನ್ನೂ ಶಾಸನವೇ ಗೊತ್ತುಮಾಡಿದ ಒಂದು ಮೂಲೆ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಪ್ರಕಾರ ಸರಕು ಅಥವಾ ಸೇವೆ ಸ್ವೀಕರಿಸಿದ ಮೇಲೆ, ಏನೇ ಕರಾರಿದ್ದರೂ, 45 ದಿನ ಮೀರಿ ಹಣ ಉಳಿಸಿಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 6.75 ಇದ್ದಾಗ ಇದು ಶೇ. 20.25. ಮೊದಲಿಗೆ ಹೇಳಿದ 49 ಲಕ್ಷ ಬಂದದ್ದು ಇಲ್ಲಿಂದ. ಬಡ್ಡಿ ನಿಷೇಧಿಸುವ ಕರಾರು ಇಲ್ಲಿ ನಡೆಯದು, 24ನೇ ಕಲಮಿನಂತೆ ಶಾಸನದ ಮಾತೇ ಮೇಲು. ಈ ಕಾಯ್ದೆಯಡಿ ಬಂದ ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಮೊದಲು ಶೇ. 75 ಹಣ ಕಟ್ಟಬೇಕು.

ಕೇಳಲು ಸೊಗಸು. ಆದರೆ ರಸ್ತೆ, ಕಟ್ಟಡ, ಒಳಚರಂಡಿಯಂಥ ಕಾಮಗಾರಿ ಗುತ್ತಿಗೆ ಇದರೊಳಗೆ ಬರುತ್ತದೆಯೇ? 2021ರಲ್ಲಿ ವಾರ್ಧಾ ನಗರಾಡಳಿತದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಬರುವುದಿಲ್ಲ ಎಂದಿತು. ಕಾಮಗಾರಿ ಗುತ್ತಿಗೆ ಸರಕೂ ಅಲ್ಲ, ಸೇವೆಯೂ ಅಲ್ಲ, ಎರಡೂ ಕಲಸಿದ ಬೇರೆಯೇ ವಸ್ತು ಎಂಬುದು ಇದರ ಹಿಂದಿನ ವಾದ. ಹೈಕೋರ್ಟುಗಳೆಲ್ಲ ಈ ವಿಷಯದಲ್ಲಿ ಒಂದೇ ದನಿಯಲ್ಲಿಲ್ಲ. ಪರಿಣಾಮ ವಿಚಿತ್ರ: ಪುರಸಭೆಗೆ ಬಲ್ಬು ಮಾರಿದವನಿಗೆ ಚಕ್ರಬಡ್ಡಿ, ಕಂಬ ನೆಟ್ಟು ತಂತಿ ಎಳೆದು ಅದೇ ಬಲ್ಬು ಹಾಕಿಕೊಟ್ಟವನಿಗೆ ಬಡ್ಡಿ ಅನುಮಾನ. ಇನ್ನೊಂದು ತೊಡಕು ನೋಂದಣಿಯದು. ಕರಾರು ಮಾಡಿಕೊಳ್ಳುವಾಗಲೇ ನೋಂದಣಿ ಇರಬೇಕು, ಆಮೇಲೆ ಮಾಡಿಸಿದರೆ ಹಿಂದಿನದಕ್ಕೆ ಅನ್ವಯಿಸದು ಎಂದು 2021ರ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2025ರ ಜನವರಿಯಲ್ಲಿ ಎನ್‌ಬಿಸಿಸಿ ಪ್ರಕರಣದಲ್ಲಿ ಇಬ್ಬರ ಪೀಠ ಅದಕ್ಕೆ ಒಪ್ಪದೆ, ಪ್ರಶ್ನೆಯನ್ನು ಮೂವರ ಪೀಠಕ್ಕೆ ಒಪ್ಪಿಸಿತು.

ಈ ಕಾಯ್ದೆಗೆ ಬಲ ತುಂಬಲು ಆದಾಯ ತೆರಿಗೆಯ ಚಾಟಿಯನ್ನೂ ಬಳಸಲಾಗಿದೆ. ತಡಪಾವತಿಯ ಬಡ್ಡಿಯನ್ನು ಖರ್ಚೆಂದು ತೋರಿಸುವಂತಿಲ್ಲ. 2023ರ ಹಣಕಾಸು ಕಾಯ್ದೆಯಿಂದ ಬಂದ 43ಬಿ(ಎಚ್) ಪ್ರಕಾರ ಸಣ್ಣವರಿಗೆ ಅವಧಿಯೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚಿಗೆ ಹಿಡಿಯುವಂತಿಲ್ಲ. ಖಾಸಗಿ ಕಂಪನಿಗಳು ಇದಕ್ಕೆ ಬೆಚ್ಚಿ ಮಾರ್ಚ್ ತಿಂಗಳಲ್ಲಿ ಬಿಲ್ಲು ಚುಕ್ತಾ ಮಾಡತೊಡಗಿದವು. ಪಂಚಾಯಿತಿ, ಪುರಸಭೆಗಳ ಆದಾಯ ಬಹುಪಾಲು ತೆರಿಗೆಯಿಂದಲೇ ಮುಕ್ತ. ಚಾಟಿ ಬೀಸಿದ್ದು ಅವುಗಳಿಗೆ ತಾಗುವುದೇ ಇಲ್ಲ.

ಸ್ಥಳೀಯ ಸಂಸ್ಥೆಗಳ ಪರವಾಗಿಯೂ ಮಾತಾಡಬೇಕು. ಪುರಸಭೆಯ ಮುಖ್ಯಾಧಿಕಾರಿ ನೋಟು ಮುದ್ರಿಸಲಾರ. ಅವನ ಹಣದಲ್ಲಿ ದೊಡ್ಡ ಪಾಲು ಮೇಲಿನಿಂದ ಇಳಿಯಬೇಕು, ಇಳಿಯುವುದು ತಡವಾಗುತ್ತದೆ. ಬಿಲ್ಲುಗಳಲ್ಲಿ ಸುಳ್ಳು ಬಿಲ್ಲುಗಳೂ ಇರುತ್ತವೆ. ಆಗದ ರಸ್ತೆಗೆ ಎಂ.ಬಿ. ಬರೆದದ್ದು, ಒಂದೇ ಚರಂಡಿಗೆ ಎರಡು ಬಾರಿ ಬಿಲ್ಲು ಮಾಡಿದ್ದು ತನಿಖೆಗಳಲ್ಲಿ ಸಿಕ್ಕಿದ್ದುಂಟು. ಅಂಥಲ್ಲಿ ಹಣ ತಡೆಹಿಡಿಯುವುದು ಅಧಿಕಾರಿಯ ಕರ್ತವ್ಯ. ಆದರೆ ನೂರು ಬಿಲ್ಲಿನಲ್ಲಿ ಹತ್ತು ಸುಳ್ಳೆಂದು ನೂರನ್ನೂ ತಡೆದರೆ, ಉಳಿದ ತೊಂಬತ್ತರ ತನಿಖಾ ಅವಧಿಯ ಬಡ್ಡಿ ಯಾರ ತಲೆಗೆ? ಆ ತೊಂಬತ್ತು ಮಂದಿ ತಪ್ಪು ಮಾಡಿಲ್ಲವೆಂದು ಕೊನೆಗೆ ಗೊತ್ತಾದರೆ, ಆ ಅವಧಿ ಸಾರ್ವಜನಿಕರ ಹಿತಕ್ಕಾಗಿ ಅವರು ಸರ್ಕಾರಕ್ಕೆ ಕೊಟ್ಟ ಬಡ್ಡಿಯಿಲ್ಲದ ಸಾಲ ಎಂದಷ್ಟೇ ಅರ್ಥ. ತನಿಖೆಯ ಖರ್ಚಿನಲ್ಲಿ ಇದನ್ನೂ ಬರೆದುಕೊಳ್ಳುವುದು ಪ್ರಾಮಾಣಿಕತೆ.

ತಡವಾದರೆ ಬಡ್ಡಿ ಎಂಬ ತತ್ವ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಮನೆ ತೆರಿಗೆ ಕಟ್ಟುವುದು ತಡವಾದರೆ ಕರ್ನಾಟಕದ ನಗರ ಸಂಸ್ಥೆಗಳು ವರ್ಷಗಳ ಕಾಲ ತಿಂಗಳಿಗೆ ಶೇ. 2ರಂತೆ ದಂಡ ವಸೂಲಿ ಮಾಡುತ್ತ ಬಂದಿವೆ, ಅಂದರೆ ವರ್ಷಕ್ಕೆ 24. ಭೂಸ್ವಾಧೀನದ ಪರಿಹಾರ ತಡವಾದರೆ 1894ರ ಕಾಯ್ದೆಯೇ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಎಂದು ಬರೆದಿತ್ತು. ಅದನ್ನು ವಸೂಲಿ ಮಾಡಲು ಎ.ಸಿ. ಕಚೇರಿಯ ಕುರ್ಚಿ, ಕಂಪ್ಯೂಟರು, ಜೀಪು ಜಪ್ತಿಯಾದ ಸುದ್ದಿ ನಮ್ಮ ಪತ್ರಿಕೆಗಳಿಗೆ ಹಳತು. ಇನ್ನೂ ಸೋಜಿಗದ್ದು ಹಣಕಾಸು ಆಯೋಗದ ನಿಯಮ. 15ನೇ ಹಣಕಾಸು ಆಯೋಗದ ಪ್ರಕಾರ, ಸ್ಥಳೀಯ ಸಂಸ್ಥೆಗಳಿಗೆಂದು ಕೇಂದ್ರದಿಂದ ಬಂದ ಅನುದಾನವನ್ನು ರಾಜ್ಯ ಸರ್ಕಾರ 10 ಕೆಲಸದ ದಿನಗಳೊಳಗೆ ಅವುಗಳಿಗೆ ದಾಟಿಸಬೇಕು, ತಪ್ಪಿದರೆ ರಾಜ್ಯದ ಮಾರುಕಟ್ಟೆ ಸಾಲದ ದರದಲ್ಲಿ ಬಡ್ಡಿ ಸೇರಿಸಿ ಕೊಡಬೇಕು. ಅಂದರೆ ಗ್ರಾಮ ಪಂಚಾಯಿತಿಗೆ ಬರಬೇಕಾದ ಹಣ ಹನ್ನೊಂದನೇ ದಿನದಿಂದ ಬಡ್ಡಿ ಕಾಣುತ್ತದೆ. ಅದೇ ಹಣದಲ್ಲಿ ಟ್ಯಾಂಕು ಕಟ್ಟಿದವನಿಗೆ ಪಂಚಾಯಿತಿ ಕೊಡಬೇಕಾದದ್ದು ಹನ್ನೊಂದು ತಿಂಗಳಾದರೂ ಕಾಣುವುದಿಲ್ಲ. ಮೇಲಿನ ಮೆಟ್ಟಿಲಿಗೆ ಇರುವ ನಿಯಮವನ್ನು ಕೆಳಗಿನ ಮೆಟ್ಟಿಲಿಗೂ ಇಳಿಸಿದರೆ ಸಾಕು, ಹೊಸ ತತ್ವವೇನೂ ಹುಡುಕಬೇಕಿಲ್ಲ.

ಬೇರೆಡೆ ಇದನ್ನು ಮಾಡಿದ್ದಾರೆ. ಐರೋಪ್ಯ ಒಕ್ಕೂಟದ 2011ರ ನಿರ್ದೇಶನ ಸಾರ್ವಜನಿಕ ಸಂಸ್ಥೆಗಳಿಗೆ ಸಾಮಾನ್ಯವಾಗಿ 30 ದಿನದ ಗಡುವು ಹಾಕಿ, ಮೀರಿದರೆ ಕೇಂದ್ರ ಬ್ಯಾಂಕಿನ ದರದ ಮೇಲೆ ಎಂಟು ಅಂಶ ಬಡ್ಡಿ ಎಂದಿತು. ಕಾಗದದ ಮೇಲಷ್ಟೇ ಅಲ್ಲ, ಸರ್ಕಾರಿ ಕಚೇರಿಗಳು ಗಡುವು ಪಾಲಿಸುತ್ತಿಲ್ಲವೆಂದು 2020ರ ಜನವರಿಯಲ್ಲಿ ಒಕ್ಕೂಟದ ನ್ಯಾಯಾಲಯ ಇಟಲಿ ದೇಶವನ್ನೇ ತಪ್ಪಿತಸ್ಥನೆಂದಿತು. ವಿದೇಶಿ ನೆರವಿನ ಯೋಜನೆಗಳಲ್ಲಿ ಬಳಸುವ ಫಿಡಿಕ್ ಎಂಬ ಮಾದರಿ ಕರಾರಿನ 1999ರ ಆವೃತ್ತಿಯಲ್ಲಿ 56 ದಿನದ ಗಡುವು, ತಪ್ಪಿದರೆ ತಿಂಗಳ ಚಕ್ರಬಡ್ಡಿ ಇದೆ. ಸಾಲ ಕೊಟ್ಟವರು ನೋಡುತ್ತಿದ್ದಾರೆಂದರೆ ನಮ್ಮ ಕಚೇರಿಗಳಿಗೂ ತಾರೀಖು ಬರೆಯುವುದು ಗೊತ್ತು.

ಕೇಂದ್ರ ಹಣಕಾಸು ಸಚಿವಾಲಯವೂ 2021ರ ಅಕ್ಟೋಬರ್ 29ರ ಮಾರ್ಗಸೂಚಿಯಲ್ಲಿ ಈ ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿತು. ರನ್ನಿಂಗ್ ಬಿಲ್ಲಿನ ಅರ್ಹ ಮೊತ್ತದ ಕನಿಷ್ಠ ಶೇ. 75ನ್ನು ಬಿಲ್ಲು ಸಲ್ಲಿಸಿದ 10 ಕೆಲಸದ ದಿನಗಳಲ್ಲಿ, ಉಳಿದದ್ದನ್ನು ಪರಿಶೀಲನೆ ಮುಗಿಸಿ 28 ಕೆಲಸದ ದಿನಗಳಲ್ಲಿ ಕೊಡಬೇಕು, 30 ಕೆಲಸದ ದಿನ ಮೀರಿದ ವಿಳಂಬಕ್ಕೆ ಬಡ್ಡಿಯ ಅವಕಾಶ ಇಡಬಹುದು ಎಂದಿತು. ಗಮನಿಸಬೇಕಾದದ್ದು ‘ಬಿಲ್ಲು ಸಲ್ಲಿಸಿದ’ ಎಂಬ ಮಾತು. ದಿನದ ಲೆಕ್ಕ ಗುತ್ತಿಗೆದಾರನ ಕೈಯಿಂದ ಕಾಗದ ಹೊರಟಾಗಿನಿಂದ ಶುರು, ಕಚೇರಿಯ ಸಹಿಯಿಂದಲ್ಲ. ಆದರೆ ಇದು ಕೇಂದ್ರದ ಕಚೇರಿಗಳಿಗೆ ಹೊರಟ ಸೂಚನೆ, ಪುರಸಭೆಗಳನ್ನು ಅದು ಕಟ್ಟುವುದಿಲ್ಲ.

ಕೊನೆಗೆ ಈ ಬಡ್ಡಿಯನ್ನೆಲ್ಲ ಕೊಡುವವರು ಯಾರು? ಕಡತ ಮೇಜಿನ ಮೇಲೆ ಇಟ್ಟುಕೊಂಡವರಂತೂ ಅಲ್ಲ. ಮೂರು ವರ್ಷದ ವಿಳಂಬದಲ್ಲಿ ಮೂವರು ಎಂಜಿನಿಯರು, ನಾಲ್ವರು ಆಯುಕ್ತರು ವರ್ಗವಾಗಿ ಹೋಗಿರುತ್ತಾರೆ. ಲೆಕ್ಕಪರಿಶೋಧಕರು ‘ತಪ್ಪಿಸಬಹುದಾಗಿದ್ದ ವೆಚ್ಚ’ ಎಂದು ಒಂದು ಕಂಡಿಕೆ ಬರೆಯುತ್ತಾರೆ, ಅದಕ್ಕೆ ಅನುಪಾಲನಾ ವರದಿ ಹೋಗುತ್ತದೆ. ಹಣ ಮಾತ್ರ ಮನೆ ತೆರಿಗೆಯಿಂದ ಹೋಗುತ್ತದೆ. ಟೆಂಡರ್ ಹಾಕುವವರೂ ಇದನ್ನು ಬಲ್ಲರು, ತಡವಾಗುವ ಎರಡು ವರ್ಷದ ಬಡ್ಡಿಯನ್ನು ಮೊದಲೇ ದರದಲ್ಲಿ ಸೇರಿಸಿರುತ್ತಾರೆ. ಬಡ್ಡಿ ನಿಷೇಧಿಸುವ ಕಲಮಿನಿಂದ ಊರಿಗೆ ಹಣ ಉಳಿಯುತ್ತದೆ ಎಂಬುದು ಹಾಗಾಗಿ ಭ್ರಮೆ. ಬಿಲ್ಲಿನಲ್ಲಿ ಕಾಣದ ಬಡ್ಡಿ ಟೆಂಡರ್ ಮೊತ್ತದಲ್ಲಿ ಅಡಗಿರುತ್ತದೆ, ಇಲ್ಲವೇ ಮೂರೇ ತಿಂಗಳಿಗೆ ಕಿತ್ತುಬರುವ ಡಾಂಬರಿನಲ್ಲಿ.

ಬಿಬಿಎಂಪಿ ಈಗಿಲ್ಲ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರ್‌ನಿಂದ ಅದರ ಜಾಗದಲ್ಲಿ ಐದು ಪಾಲಿಕೆಗಳಿವೆ. ಸಾಲಗಾರನ ಹೆಸರು ಬದಲಾದ ಮಾತ್ರಕ್ಕೆ ಸಾಲ ಕರಗುವುದಿಲ್ಲ, ಬಡ್ಡಿಯೂ ನಿಲ್ಲುವುದಿಲ್ಲ. ಆದರೆ ಹೊಸ ಸಂಸ್ಥೆ ಹೊಸ ಟೆಂಡರ್ ಪತ್ರ ಬರೆಸುವ ಹೊತ್ತಿನಲ್ಲಿ ಮೂರು ಸಾಲು ಸೇರಿಸುವುದು ಕಷ್ಟವಲ್ಲ: ಬಿಲ್ಲು ಸಲ್ಲಿಸಿದ ದಿನವೇ ದಿನಾಂಕದ ಸ್ವೀಕೃತಿ, ಅಳತೆಗೆ ಒಂದು ಗಡುವು, ಗಡುವು ದಾಟಿದರೆ ರಾಜ್ಯದ ಮಾರುಕಟ್ಟೆ ಸಾಲದ ದರದಲ್ಲಿ ಸರಳ ಬಡ್ಡಿ. ಶೇ. 18 ಬೇಡ, ಚಕ್ರಬಡ್ಡಿಯೂ ಬೇಡ. ರಾಜ್ಯದಿಂದ ಪಂಚಾಯಿತಿ ಪಡೆಯುವಷ್ಟೇ ದರವನ್ನು ಪಂಚಾಯಿತಿಯಿಂದ ಗುತ್ತಿಗೆದಾರ ಪಡೆದರೆ ಸಾಕು. ಸರ್ಕಾರಿ ಖರೀದಿ, ಕಾಮಗಾರಿಗಳ ಟೆಂಡರ್‌ಗೆ ಅನ್ವಯಿಸುವ ಕರ್ನಾಟಕ ಪಾರದರ್ಶಕತೆ ಕಾಯ್ದೆಯಡಿಯ ಪ್ರಮಾಣಿತ ಟೆಂಡರ್ ಪತ್ರಗಳಲ್ಲಿ ಇದನ್ನು ಬರೆದರೆ ರಾಜ್ಯದ ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಒಂದೇ ಪೆಟ್ಟಿಗೆ ಅನ್ವಯವಾಗುತ್ತದೆ.

ಅಲ್ಲಿಯವರೆಗೆ ಗುತ್ತಿಗೆದಾರರು ತಮ್ಮ ಕೈಲಿರುವುದನ್ನು ಮಾಡಿಕೊಳ್ಳಬೇಕು. ಟೆಂಡರ್ ಹಾಕುವ ಮೊದಲೇ ಸಣ್ಣ ಉದ್ಯಮವೆಂಬ ‘ಉದ್ಯಮ್’ ನೋಂದಣಿ ಇರಲಿ. ಸಹಿಗೆ ಮುಂಚೆ ಕರಾರಿನಲ್ಲಿ ಬಡ್ಡಿ ನಿಷೇಧದ ಸಾಲು ಹುಡುಕಿ, ಇದ್ದರೆ ಅದರ ಬೆಲೆ ಲೆಕ್ಕಹಾಕಿ. ವರ್ಕ್ ಆರ್ಡರ್ ಇಲ್ಲದೆ ಗುದ್ದಲಿ ಹಾಕಬೇಡಿ. ಬಿಲ್ಲು ಕೊಟ್ಟ ದಿನದ ಸ್ವೀಕೃತಿ ಪಡೆಯಿರಿ, ಬಾಕಿ ಬಿದ್ದ ಕೂಡಲೇ ಬಡ್ಡಿ ಕೇಳಿ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿ. ‘ಮುಂದಿನ ಅನುದಾನದಲ್ಲಿ ನೋಡೋಣ’ ಎಂಬ ಬಾಯಿಮಾತಿಗೆ ಕಾಲಮಿತಿ ನಿಲ್ಲುವುದಿಲ್ಲ. ಪಾವತಿಗೆ ದಿನ ಗೊತ್ತಿಲ್ಲದ ಕೆಲಸದ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಕೆಲಸ ಮುಗಿದ ದಿನದಿಂದ ಮೂರು ವರ್ಷ. ಅಷ್ಟರೊಳಗೆ ಕಚೇರಿ ಬಾಕಿಯನ್ನು ಬರಹದಲ್ಲಿ ಒಪ್ಪಿಕೊಂಡಿರದಿದ್ದರೆ, ಆಮೇಲೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ.